ತಕ್ಷಣ ಎದ್ದೆ ಎಂದು ಬರೆದಿದ್ದೆ

ಕಳೆದ ವಾರ ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಬರುವ ಬಸ್ಸಿನಲ್ಲಿ, ಮೋಟೆಬೆನ್ನೂರಿನ ಹತ್ತಿರ ಒಬ್ಬಾಕೆ ಮೆಣಸಿನಕಾಯಿ ಚೀಲ ಹೊತ್ತು ಹತ್ತಿದಳು. ಚೀಲವನ್ನು ನನ್ನ ಸೀಟಿನ ಹಿಂದೆ ಒರಗಿಸಿದಳು. ಬಸ್ಸು ಗುಂಡಿಗೆ ಇಳಿದಾಗೊಮ್ಮೆ ಘಾಟು ಮೇಲೆದ್ದು ಇಡೀ ಬಸ್ಸಿನಲ್ಲಿ ತಿರುಗಿತು. ಎಲ್ಲರೂ ಕೆಮ್ಮತೊಡಗಿದರು.

"ಯವ್ವಾ, ಚೀಲಕ್ಕೂ ಒಂದ ಟಿಕೆಟ್ ತಗೋ. ಎಲ್ಲಾರಕಿಂತ ಅದರದ ಜೋರ ಐತಿ" ಎಂದ ಕಂಡಕ್ಟರ್.

ಕೆಮ್ಮುತ್ತಲೇ ಎಲ್ಲರೂ ನಕ್ಕರು. ಮುಂದಿನ ಸೀಟಿನ ಒಬ್ಬ ಮುದುಕಿ ಮಾತ್ರ ನಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆಮ್ಮನ್ನು ಒಳಗೇ ನುಂಗಲು ನೋಡುತ್ತಿದ್ದಳು. ಕೆಮ್ಮನ್ನು ನುಂಗುವ ಸದ್ದು ನನಗೆ ಗೊತ್ತು. ಕೆಮ್ಮಿಗಿಂತ ಅದು ಸಣ್ಣದು, ಕೆಮ್ಮಿಗಿಂತ ಕೆಟ್ಟದ್ದು. ಎದ್ದು ಹೋಗಿ ಆಕೆಯ ಪಕ್ಕದ ಕಿಟಕಿಯ ಗಾಜು ಸರಿಸಿದೆ.

ಮನೆಗೆ ಬಂದವಳೇ ಹಳೆಯ ದಿನಚರಿ ಹುಡುಕಿ ತೆಗೆದೆ. ಡಿಗ್ರಿಯ ಕೊನೆಯ ವರ್ಷದ ಒಂದು ಬುಧವಾರದ ಪುಟದಲ್ಲಿ ಇರುವುದು ನಾಲ್ಕೇ ವಾಕ್ಯ. "ಸಂಖ್ಯಾಶಾಸ್ತ್ರದ ಪತ್ರಿಕೆ ಇತ್ತು. ಶಾಂತವ್ವಗೆ ಉಸಿರು ಕಟ್ಟಿತು. ತಕ್ಷಣ ಎದ್ದೆ. ಪರೀಕ್ಷೆ ಹೋಯಿತು." ಅಂದೇ ಸಂಜೆ ಬರೆದದ್ದು. ಅಂದೇ ಬರೆದದ್ದು ನಿಜವಾಗಿಯೇ ಇರುತ್ತದೆ ಎಂದು ನಾನು ಆಗ ನಂಬಿದ್ದೆ.

ಆ ವರ್ಷ ನಾನು ಹಾವೇರಿಯ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ಸೆಮಿಸ್ಟರಿನಲ್ಲಿದ್ದೆ. ಎರಡು ಪತ್ರಿಕೆಗಳನ್ನು ಮನೆಯಿಂದಲೇ ಆನ್‌ಲೈನಿನಲ್ಲಿ ಬರೆಯಬೇಕೆಂದು ಕಾಲೇಜು ತೀರ್ಮಾನಿಸಿತು. ಮೇಲ್ವಿಚಾರಕರ ಬದಲು ಲ್ಯಾಪ್‌ಟಾಪಿನ ಕ್ಯಾಮೆರಾ ನಮ್ಮನ್ನು ನೋಡುತ್ತದೆ, ಮೈಕು ಕೇಳುತ್ತದೆ. ಮುಖ ಬೇರೆಡೆ ತಿರುಗಿದರೆ ಒಂದು ಕೆಂಪು ಗುರುತು. ಮುಖ ಮುಚ್ಚಿದರೆ ಒಂದು. ಇನ್ನೊಬ್ಬರ ದನಿ ಕೇಳಿದರೆ ಒಂದು. ಕುರ್ಚಿ ಬಿಟ್ಟು ಎದ್ದರೆ ಪತ್ರಿಕೆಯೇ ಬಂದ್. ಇದನ್ನೆಲ್ಲ ವಿವರಿಸಲು ಕರೆದ ಸಭೆಯಲ್ಲಿ, "ಶಾಂತವಾದ ಪ್ರತ್ಯೇಕ ಕೋಣೆ ಎಲ್ಲರ ಮನೆಯಲ್ಲೂ ಇರುತ್ತದಲ್ಲ" ಎಂದರು ಕಾಲೇಜಿನವರು. ಅದು ಪ್ರಶ್ನೆಯಾಗಿರಲಿಲ್ಲ. ನಾನೂ ಕೈ ಎತ್ತಲಿಲ್ಲ.

ನಮ್ಮ ಮನೆ ಬ್ಯಾಡಗಿಯ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿದೆ. ಸೋಮವಾರ, ಗುರುವಾರ ಪೇಟೆ. ಸುಗ್ಗಿ ಶುರುವಾಯಿತೆಂದರೆ ಊರಿಗೆ ಊರೇ ಕೆಂಪು. ಅಂಗಳ, ಮಾಳಿಗೆ, ರಸ್ತೆಯ ಬದಿ ಎಲ್ಲೆಲ್ಲೂ ಮೆಣಸಿನಕಾಯಿ. ಗುತ್ತಲದ ಕಡೆಯಿಂದ ಬರುವ ಟ್ರ್ಯಾಕ್ಟರುಗಳು ನಮ್ಮ ಓಣಿಯ ಬಾಯಿಗೇ ಸಾಲು ಹಚ್ಚುತ್ತವೆ. ಹೊರಗಿನಿಂದ ಬಂದವರು ಬಸ್‌ಸ್ಟ್ಯಾಂಡಿನಲ್ಲೇ ಸೀನಲು ಹತ್ತುತ್ತಾರೆ. ನಮಗೆ ಸೀನು ಬರುವುದಿಲ್ಲ, ಬಂದರೆ ಅವತ್ತು ಒಳ್ಳೆಯ ಮಾಲು ಬಂದಿದೆ ಎಂದು ಅರ್ಥ.

ನಮ್ಮ ಅಂಗಳದಲ್ಲಿ ತಗಡಿನ ಕೆಳಗೆ ಅಮ್ಮಿ, ಅಂದರೆ ನನ್ನ ತಾಯಿ, ಮತ್ತು ಓಣಿಯ ಹೆಂಗಸರು ಕಾಯಿಯ ತುಂಬು ಬಿಡಿಸುತ್ತಿದ್ದರು. ತುಂಬು ಎಂದರೆ ತೊಟ್ಟು. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಕಾಯಿ ಒಡೆಯದಂತೆ ಹೆಬ್ಬೆರಳ ಉಗುರಿನಿಂದ ಅದನ್ನು ಎಬ್ಬಿಸಿ ತೆಗೆಯಬೇಕು. ಕಾಯಿ ಒಣಗಿ ಗರಿಗರಿಯಾಗಿದ್ದರೆ ಚೂರಾಗುತ್ತದೆ ಎಂದು ಹಿಂದಿನ ಸಂಜೆ ನೀರು ಚಿಮುಕಿಸಿ ಇಡುತ್ತಾರೆ. ಹಾಗೆ ಮೆತ್ತಗಾದ ಕಾಯಿಯನ್ನು ಮರುದಿನವೇ ಬಿಡಿಸಿ ಮುಗಿಸಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಈ ಕೆಲಸದಲ್ಲಿ ಕೈ ನಿಂತರೂ ಬಾಯಿ ನಿಲ್ಲುವುದಿಲ್ಲ. ಎಲ್ಲರಿಗಿಂತ ದೊಡ್ಡ ಬಾಯಿ ಶಾಂತವ್ವನದು. ಎದುರು ಮನೆಯವಳು, ಅರವತ್ತು ದಾಟಿದವಳು. ಯಾರ ಮನೆಯ ಒಲೆಯ ಮೇಲೆ ಏನಿದೆ ಎಂದು ಕೂತಲ್ಲಿಂದಲೇ ಹೇಳುತ್ತಿದ್ದಳು. ನನ್ನ ಹೆಸರು ನೂರ್. ಅಮ್ಮಿಗೆ ನಾನು ನೂರಿ, ಶಾಂತವ್ವನಿಗೆ ನೂರವ್ವ.

ನನ್ನ ಪರೀಕ್ಷೆ ಬಿದ್ದದ್ದು ಬುಧವಾರ, ಪೇಟೆಯ ಹಿಂದಿನ ದಿನ. ಮಂಗಳವಾರ ಸಂಜೆಯೇ ಕಾಯಿಗೆ ನೀರು ಬಿದ್ದಾಗಿತ್ತು. ಸಿಗ್ನಲ್ ಸರಿಯಾಗಿ ಸಿಗುವುದು ರಸ್ತೆಗೆ ಹತ್ತಿರದ ನನ್ನ ಕೋಣೆಯಲ್ಲಿ ಮಾತ್ರ, ಅದರ ಕಿಟಕಿ ತೆರೆಯುವುದು ಅದೇ ಅಂಗಳಕ್ಕೆ.

"ಅಮ್ಮಿ, ಒಂದು ದನಿ ಕೇಳಿದರೂ ಕೆಂಪು ಗುರುತು ಬೀಳುತ್ತದೆ" ಎಂದೆ.

"ತೂ ಬೈಠ್, ಮೈಂ ದೇಖ್ ಲೇತೀ" ಎಂದಳು ಅಮ್ಮಿ. ನೀನು ಕೂಡು, ನಾನು ನೋಡಿಕೊಳ್ಳುತ್ತೇನೆ.

ಅವಳು ನೋಡಿಕೊಂಡ ರೀತಿ ಇದು. ಬೆಳಿಗ್ಗೆ ಎಲ್ಲರನ್ನೂ ಚೀಲಗಳ ಸಮೇತ ಅಂಗಳದಿಂದ ಎಬ್ಬಿಸಿ ನನ್ನ ಕೋಣೆಯ ಹಿಂದಿನ ದೊಡ್ಡ ಕೋಣೆಗೆ ಸಾಗಿಸಿದಳು. ಆ ಕೋಣೆಯ ಬಾಗಿಲು, ಕಿಟಕಿ ಹಾಕಿದಳು. ಬಾಗಿಲ ಕೆಳಗಿನ ಸಂದಿಗೆ ಹಳೆಯ ಕೌದಿ ತುರುಕಿದಳು. ಫ್ಯಾನು ಕಟಕಟ ಎನ್ನುತ್ತದೆಂದು ಅದನ್ನೂ ಬಂದ್ ಮಾಡಿದಳು. ಎಲ್ಲರಿಗೂ ಒಂದೊಂದು ತುಂಡು ಬಟ್ಟೆ ಕೊಟ್ಟು, ಕೆಮ್ಮು ಬಂದರೆ ಇದನ್ನು ಬಾಯಿಗೆ ಒತ್ತಿಕೊಳ್ಳಿ ಎಂದಳು. ಒಳಗೆ ಎಷ್ಟು ಜನ ಇದ್ದರು? ನನ್ನ ನೆನಪಿನಲ್ಲಿ ಒಂಬತ್ತು. ಅಮ್ಮಿ ಏಳು ಎನ್ನುತ್ತಾಳೆ. ದಿನಚರಿ ಏನೂ ಹೇಳುವುದಿಲ್ಲ.

ಬಾಗಿಲು ಹಾಕುವ ಮೊದಲು ಶಾಂತವ್ವ ಕೈ ಮೇಲೆತ್ತಿ ಹೇಳಿದ್ದು ಮಾತ್ರ ಚೆನ್ನಾಗಿ ನೆನಪಿದೆ. "ಮೂರು ತಾಸು ಸುಮ್ಮನಿರೂದು ನನ್ನ ಗಂಡಗ ಸೈತ ನಾ ಮಾಡಿಲ್ಲವ್ವಾ. ಪಾಸ ಆಗಲಿಲ್ಲಂದ್ರ ನೋಡ ಮತ್ತ."

ಹೊರಗೆ ಗಾಳಿಯಲ್ಲಿ ಕೂತು ಮಾಡುವ ಕೆಲಸವನ್ನು ಮುಚ್ಚಿದ ಕೋಣೆಯಲ್ಲಿ, ಫ್ಯಾನಿಲ್ಲದೆ ಮಾಡಿದರೆ ಘಾಟು ಎಲ್ಲಿಗೆ ಹೋದೀತು ಎಂದು ಯಾರೂ ಯೋಚಿಸಲಿಲ್ಲ. ಸದ್ದು ಹೊರಗೆ ಹೋಗಬಾರದು ಎಂಬ ಒಂದೇ ಯೋಚನೆ ಎಲ್ಲರಿಗೂ. ಹುಟ್ಟಿದಾಗಿನಿಂದ ಈ ಘಾಟಿನಲ್ಲೇ ಇದ್ದವರು ಮಾತ್ರ ಮಾಡುವ ತಪ್ಪು ಅದು. ಬೇರೆ ಊರಿನವರಾಗಿದ್ದರೆ ಮೊದಲು ಘಾಟಿಗೇ ಹೆದರುತ್ತಿದ್ದರು.

ಪತ್ರಿಕೆ ಶುರುವಾಯಿತು. ಲೆಕ್ಕ ಮಾಡಲು ಬಿಳಿ ಹಾಳೆಗಳಿಗೆ ಅವಕಾಶವಿತ್ತು, ಮೊದಲೇ ಕ್ಯಾಮೆರಾಕ್ಕೆ ತೋರಿಸಬೇಕಿತ್ತು. ಉತ್ತರ ಮಾತ್ರ ಟೈಪ್ ಮಾಡಬೇಕು. ಮೊದಲ ಒಂದು ಗಂಟೆ ಮನೆಯಲ್ಲಿ ಆ ತನಕ ನಾನು ಕೇಳಿರದ ಮೌನ. ತುಂಬು ಬಿಡುವ ಟಿಕ್ ಟಿಕ್ ಸಹ ಕೇಳುತ್ತಿರಲಿಲ್ಲ. ಆಮೇಲೆ ಕೌದಿಯನ್ನೂ ದಾಟಿ ಘಾಟು ನನ್ನ ಕೋಣೆಗೆ ಬಂತು. ಕಣ್ಣಲ್ಲಿ ನೀರು. ದುಪಟ್ಟಾದಿಂದ ಒರೆಸಿದೆ, ಪರದೆಯ ಮೂಲೆಯಲ್ಲಿ "ಮುಖ ಕಾಣಿಸುತ್ತಿಲ್ಲ" ಎಂದು ಕೆಂಪು ಅಕ್ಷರ ಮೂಡಿತು. ಸೀನಿದೆ, ಇನ್ನೊಂದು. ಹಾಳೆ ನೋಡಲು ತಲೆ ತಗ್ಗಿಸಿದೆ, ಮತ್ತೊಂದು. ಆ ಸಾಫ್ಟ್‌ವೇರಿನ ಪ್ರಕಾರ ನಾನು ಅಳುತ್ತಿದ್ದೆ, ಅಡಗುತ್ತಿದ್ದೆ, ಕದಿಯುತ್ತಿದ್ದೆ. ನಾನು ಬರೀ ಲೆಕ್ಕ ಮಾಡುತ್ತಿದ್ದೆ.

ಎರಡನೇ ಗಂಟೆಯ ಕೊನೆಗೆ ಇರಬೇಕು, ಏಳನೆಯ ಪ್ರಶ್ನೆಯಲ್ಲಿದ್ದಾಗ ಗೋಡೆಯ ಆಚೆ ಆ ಸದ್ದು ಶುರುವಾಯಿತು. ಬಟ್ಟೆಯೊಳಗೆ ನುಂಗಿದ ಕೆಮ್ಮು. ಒಂದಾದ ಮೇಲೊಂದು. ನಡುವೆ ಉಸಿರು ಎಳೆಯುವ ಸಿಳ್ಳೆ. ಎದ್ದೆ, ಕೌದಿ ಸಮೇತ ಬಾಗಿಲು ತಳ್ಳಿ ತೆರೆದೆ. ಶಾಂತವ್ವ ಗೋಡೆಗೆ ಒರಗಿದ್ದಳು, ಮುಖ ಕಾಯಿಯ ಬಣ್ಣಕ್ಕೆ ತಿರುಗಿತ್ತು, ಆಗಲೂ ಬಟ್ಟೆಯನ್ನು ಬಾಯಿಂದ ತೆಗೆದಿರಲಿಲ್ಲ. ಅಮ್ಮಿ ಅವಳ ಬೆನ್ನು ಉಜ್ಜುತ್ತ, ಉಳಿದವರಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಳು.

"ಬಟ್ಟಿ ತಗೀರಿ! ಕಿಡಕಿ ತಗೀರಿ! ಕೆಮ್ಮಬೇ ಶಾಂತವ್ವ, ಕೆಮ್ಮು!" ಎಂದು ಕೂಗಿದೆ.

ಅವಳನ್ನು ಅಂಗಳಕ್ಕೆ ಎಳೆದು ತಂದೆವು. ಒಬ್ಬಳು ನೀರು ತಂದಳು, ಒಬ್ಬಳು ಬೆಲ್ಲ. ಅವಳು ಕೆಮ್ಮಿದ ಆ ಕೆಮ್ಮು ಓಣಿಯ ಕೊನೆಯವರೆಗೆ ಕೇಳಿರಬೇಕು. ಉಸಿರು ಮರಳಿದ ಮೇಲೆ ಅವಳ ಮೊದಲ ಮಾತು, "ಪರೀಕ್ಷಾ ಬಿಟ್ಟು ಯಾಕ ಬಂದೀಯ ಹುಚ್ಚಿ? ಹೋಗು, ಬರಿ ಹೋಗು."

ಹೋದೆ. ಪರದೆ ಬೂದು ಬಣ್ಣಕ್ಕೆ ತಿರುಗಿತ್ತು. ನಿಮ್ಮ ಪರೀಕ್ಷೆಯನ್ನು ತಡೆಹಿಡಿಯಲಾಗಿದೆ.

ಎರಡು ದಿನದ ನಂತರ ಕಾಲೇಜಿನಿಂದ ಒಂದು ಪತ್ರ ಬಂತು. ಒಕ್ಕಣೆ ಮೊದಲೇ ಅಚ್ಚಾಗಿತ್ತು. "ಹೊರಗಿನ ಸಹಾಯ ಪಡೆಯುವ ಉದ್ದೇಶದಿಂದ ನಾನು ಆಸನ ಬಿಟ್ಟು ಎದ್ದಿರುತ್ತೇನೆ. ಇದು ನನ್ನ ತಪ್ಪು. ಇದಕ್ಕಾಗಿ ವಿಷಾದಿಸುತ್ತೇನೆ." ಕೆಳಗೆ ಸಹಿಗೆ ಜಾಗ. ಸಹಿ ಮಾಡಿದರೆ ಮುಂದಿನ ತಿಂಗಳು ಮತ್ತೆ ಬರೆಯಬಹುದು. ಮಾಡದಿದ್ದರೆ ವಿಚಾರಣೆ; ವಿಚಾರಣೆಯಲ್ಲಿ ತಪ್ಪು ಎಂದಾದರೆ ಇಡೀ ವರ್ಷ ಹೋದಂತೆ. ಧಾರವಾಡದಲ್ಲಿ ಎಂ.ಎಸ್ಸಿ. ಮಾಡಬೇಕೆಂಬ ಆಸೆಯೂ ಅದರ ಜೊತೆಗೆ.

ಅಗಡಿಯ ಸವಿತಾ ನನ್ನ ಬೆಂಚಿನ ಗೆಳತಿ. ಕುರ್ಚಿ ಬಿಟ್ಟು ಎದ್ದಿರದ ಅವಳಿಗೂ ಅದೇ ಅಚ್ಚಿನ ಪತ್ರ ಬಂದಿತ್ತು, ಕ್ಯಾಮೆರಾದಲ್ಲಿ ಅವಳ ಬೆನ್ನ ಹಿಂದೆ ಅಜ್ಜ ಎರಡು ಸಲ ಹಾದುಹೋಗಿದ್ದನಂತೆ. ಅವಳು ಅವತ್ತೇ ಸಹಿ ಮಾಡಿ ಕಳಿಸಿದ್ದಳು.

"ಸಹಿ ಮಾಡಿ ಒಗಿ ಅತ್ಲಾಗ. ಯಾರು ಓದ್ತಾರ ಅದನ್ನ?" ಎಂದಳು ಫೋನಿನಲ್ಲಿ.

"ನಾ ಓದೇನಲ್ಲ" ಎಂದೆ.

"ಎಲ್ಲಾರೂ ಮಾಡ್ಯಾರ, ನೂರ್. ನಿಂದೇನ ಬ್ಯಾರೇ?"

ಈಗಲೂ ಸವಿತಾ ತಪ್ಪು ಎಂದು ನನಗೆ ಅನಿಸುವುದಿಲ್ಲ. ಆದರೆ ಆ ಸಾಲನ್ನು ಮತ್ತೆ ಮತ್ತೆ ತೆಗೆದು ಓದುತ್ತಿದ್ದೆ. ಹೊರಗಿನ ಸಹಾಯ ಅಂತೆ. ಬಟ್ಟೆ ಕಚ್ಚಿಕೊಂಡು ಎರಡು ತಾಸು ಕೂತವರು ನನಗೆ ಸಂಖ್ಯಾಶಾಸ್ತ್ರ ಹೇಳಿಕೊಟ್ಟರಂತೆ. ಒಬ್ಬರ ಉಸಿರು ಕಟ್ಟಿದಾಗ ಎದ್ದದ್ದು ತಪ್ಪು ಎಂದು ನನ್ನ ಹೆಸರಿನ ಕೆಳಗೆ ಬರೆದಿಡಬೇಕಂತೆ. ಪತ್ರ ಬಂದ ನಾಲ್ಕನೆಯ ದಿನ ಅಮ್ಮಿ ತುಂಬು ಬಿಡಿಸುತ್ತ, ತಲೆ ಎತ್ತದೆ, "ಕೌದಿ ತುರುಕಿದ್ದು ನಾನು. ಸಹಿ ನಾನು ಹಾಕುತ್ತೇನೆ ಅನ್ನು" ಎಂದಳು. ಅವಳು ನನ್ನ ಜೊತೆ ಉರ್ದು ಬಿಟ್ಟು ಕನ್ನಡದಲ್ಲಿ ಮಾತಾಡಿದರೆ ಅದು ಅಂಗಳದವರೆಲ್ಲ ಕೇಳಲಿ ಎಂದೇ.

ಕೇಳಿದ ಶಾಂತವ್ವ ಎದ್ದು ನಿಂತಳು. "ಯಾರೂ ಹಾಕೂದ ಬ್ಯಾಡ. ಹಾವೇರಿಗೆ ನಾ ಬರ್ತೇನಿ. ನನ್ನ ಎದಿಗೆ ಕಿವಿ ಹಚ್ಚಿ ಕೇಳ್ರಿ ಅಂತೇನಿ, ಒಳಗ ಇನ್ನಾ ಪೀಪಿ ಊದಾಕತ್ತೈತಿ."

ಬಂದೇ ಬಂದಳು. ವಿಚಾರಣೆಯ ದಿನ ಹೊಸ ಇಳಕಲ್ ಸೀರೆ ಉಟ್ಟು, ಬಸ್ಸಿನಲ್ಲಿ ಕಿಟಕಿಯ ಸೀಟು ಹಿಡಿದು. ಕಾಲೇಜಿನ ಕೋಣೆಯಲ್ಲಿ ಮೂವರು ಕೂತಿದ್ದರು. ನಡುವೆ ಸಮಿತಿಯ ಅಧ್ಯಕ್ಷರು, ಒಂದು ಪಕ್ಕ ನಮ್ಮ ಸಂಖ್ಯಾಶಾಸ್ತ್ರದ ಸರ್, ಇನ್ನೊಂದು ಪಕ್ಕ ಕಂಪ್ಯೂಟರ್ ನೋಡಿಕೊಳ್ಳುವ ಮೇಡಂ. ಮೇಡಂ ಕೆಂಪು ಗುರುತು ಬಿದ್ದ ತುಣುಕುಗಳನ್ನಷ್ಟೇ ತೋರಿಸಿದರು. ಹತ್ತು ಸೆಕೆಂಡು, ಹದಿನೈದು ಸೆಕೆಂಡು. ಮುಖ ಮುಚ್ಚಿದ ನಾನು. ತಲೆ ತಗ್ಗಿಸಿದ ನಾನು. ಖಾಲಿ ಕುರ್ಚಿ. ಹೀಗೆ ಕತ್ತರಿಸಿ ಜೋಡಿಸಿದರೆ ನನಗೇ ನನ್ನ ಮೇಲೆ ಸಂಶಯ ಬರುವಂತಿತ್ತು.

"ಇಡೀ ರೆಕಾರ್ಡ್ ಹಚ್ರಿ" ಎಂದೆ.

"ಎರಡು ಗಂಟೆಯದನ್ನು ನೋಡಲು ಆಗುವುದಿಲ್ಲಮ್ಮ" ಎಂದರು ಅಧ್ಯಕ್ಷರು.

"ನನ್ನ ಒಂದು ವರ್ಷ ಹೋಗತೈತ್ರಿ. ನಿಮ್ಮದು ಎರಡು ತಾಸು."

ಆಮೇಲೆ ಸರ್ ಕಡೆಗೆ ತಿರುಗಿ, "ಸರ್, ನೀವ ಕಲಿಸಿದ್ದು. ತಪ್ಪು ಮಾಡದವರನ್ನ ತಪ್ಪಿತಸ್ಥರು ಅನ್ನೂದೂ ಒಂದು ತಪ್ಪು, ತಪಾಸಣಾ ಮಾಡೂ ಮೊದಲ ಆ ತಪ್ಪು ನೂರಕ್ಕ ಎಷ್ಟು ಸಲ ಆಗಬಹುದು ಅಂತ ಹೇಳಬೇಕು ಅಂದಿದ್ರಿ. ಈ ಸಾಫ್ಟ್‌ವೇರಿಂದು ಎಷ್ಟು, ಹೇಳ್ರಿ" ಎಂದೆ. ಇಷ್ಟು ಸರಾಗವಾಗಿ ಹೇಳಿದೆನೇ? ನನ್ನ ನೆನಪು ಹೌದು ಎನ್ನುತ್ತದೆ. ಶಾಂತವ್ವ ಬೇರೆ ಹೇಳುತ್ತಾಳೆ: "ಗಡಗಡ ನಡಗಾಕತ್ತಿದ್ದಿ, ನೀ ಏನ ಅಂದಿ ಅಂತ ಯಾರಿಗೂ ತಿಳೀಲಿಲ್ಲ." ಏನೇ ಇರಲಿ, ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಎದ್ದ ಭಾಗದಿಂದ ಹಿಂದಕ್ಕೆ ಹತ್ತು ನಿಮಿಷ ಹಾಕಿ. ಸದ್ದು ಜೋರು ಮಾಡಿ" ಎಂದದ್ದು ಖಂಡಿತ.

ಹಾಕಿದರು. "ಅದ ನಮ್ಮ ಬಾಗಲಾ ನೋಡ್ರಿ, ಹಿಂದ ಕಾಣಾಕತ್ತೈತಲ್ಲ" ಎಂದು ಶಾಂತವ್ವ ಬೆರಳು ತೋರಿಸಿದಳು. ಪರದೆಯ ಮೇಲೆ ನಾನು ಕಣ್ಣು ಒರೆಸುತ್ತ ಬರೆಯುತ್ತಿದ್ದೆ. ಆಮೇಲೆ ಆ ಸದ್ದು. ಬಟ್ಟೆಯೊಳಗಿನ ಕೆಮ್ಮು. ಮೂವರೂ ಮುಂದಕ್ಕೆ ಬಾಗಿದರು. ನಾನು ಪರದೆಯ ಮೇಲಿನ ಹುಡುಗಿ ಏಳುವುದನ್ನು ಕಾಯುತ್ತಿದ್ದೆ.

ಅವಳು ಏಳಲಿಲ್ಲ.

ತಲೆ ಎತ್ತಿದಳು. ಗೋಡೆಯ ಕಡೆ ನೋಡಿದಳು. ಮತ್ತೆ ಹಾಳೆಗೆ ತಲೆ ತಗ್ಗಿಸಿದಳು. ಪೆನ್ನು ಓಡಿತು. ಕೆಮ್ಮು ಜೋರಾಯಿತು, ಸಿಳ್ಳೆ ಶುರುವಾಯಿತು. ಅವಳು ತುಟಿ ಕಚ್ಚಿಕೊಂಡು ಇನ್ನೊಂದು ಸಾಲು ಬರೆದಳು. ಉತ್ತರ ಟೈಪ್ ಮಾಡಿದಳು. ಆಮೇಲೆ ಎದ್ದಳು. ಪರದೆಯ ಕೆಳಗೆ ಗಡಿಯಾರವಿತ್ತು. ಮೊದಲ ಕೆಮ್ಮಿನಿಂದ ಕುರ್ಚಿ ಖಾಲಿಯಾಗುವವರೆಗೆ ಒಂದು ನಿಮಿಷ ನಲವತ್ತು ಸೆಕೆಂಡು.

ಸಮಿತಿಯವರಿಗೆ ಬೇಕಾದದ್ದು ಸಿಕ್ಕಿತ್ತು: ಉತ್ತರ ಹೇಳಿಕೊಡುವ ದನಿ ಒಂದೂ ಇರಲಿಲ್ಲ, ಉಸಿರಿಗೆ ಒದ್ದಾಡುವ ಒಬ್ಬ ಮುದುಕಿ ಮಾತ್ರ ಇದ್ದಳು. ನಾನು ಗೆದ್ದಿದ್ದೆ. ಆ ಮುದುಕಿ ನನ್ನ ಪಕ್ಕದಲ್ಲೇ ಕೂತು ನೋಡಿದ್ದಳು. ಅವಳ ಮುಖ ನೋಡಲು ನನಗೆ ಆಗಲಿಲ್ಲ. ತಕ್ಷಣ ಎದ್ದೆ ಎಂದು ಅಮ್ಮಿಗೆ ಹೇಳಿದ್ದೆ, ಸವಿತಾಗೆ ಹೇಳಿದ್ದೆ, ದಿನಚರಿಗೂ ಹೇಳಿದ್ದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಒಮ್ಮೆಯೂ ಅನಿಸಿರಲಿಲ್ಲ. ನನಗೆ ಈಗಲೂ ನೆನಪಿರುವುದು ತಕ್ಷಣ ಎದ್ದದ್ದೇ.

ಶಾಂತವ್ವ ಮೆಲ್ಲಗೆ ಕೇಳಿದಳು. "ಅಷ್ಟರಾಗ ಆ ಲೆಕ್ಕ ಮುಗೀತೇನ?"

"ಮುಗೀತಬೇ."

"ಛಲೋ ಆತ ಬಿಡು."

ಅದು ಕ್ಷಮೆಯೋ ಚುಚ್ಚುಮಾತೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯವೂ ಆಗಿಲ್ಲ.

ಅಧ್ಯಕ್ಷರ ದನಿ ಮೆತ್ತಗಾಗಿತ್ತು. "ಸರಿಯಮ್ಮ, ಅರ್ಥವಾಯಿತು. ಆದರೆ ನಿಯಮ ನಿಯಮವೇ. ಆ ಪತ್ರಕ್ಕೆ ಒಂದು ಸಹಿ ಮಾಡಿಬಿಡು, ಮುಂದಿನ ತಿಂಗಳು ಮತ್ತೆ ಬರೆ. ಬರೀ ಒಂದು ಔಪಚಾರಿಕತೆ" ಎಂದು ಹಾಳೆ ನನ್ನ ಕಡೆ ಸರಿಸಿದರು.

ಪೆನ್ನು ತೆಗೆದುಕೊಂಡೆ. ಅಚ್ಚಾದ ಮೂರೂ ವಾಕ್ಯಗಳ ಮೇಲೆ ಗೆರೆ ಎಳೆದೆ. ಸಹಿಯ ಜಾಗದಲ್ಲಿ ಬರೆಯಲು ಸ್ಥಳ ಸಾಲದೆ ಹಾಳೆ ತಿರುಗಿಸಿ ಹಿಂದೆ ಬರೆದೆ. "ನಾನು ಆಸನ ಬಿಟ್ಟು ಎದ್ದಿದ್ದೇನೆ. ಎದ್ದದ್ದು ತಪ್ಪಲ್ಲ, ಅದಕ್ಕೆ ವಿಷಾದವಿಲ್ಲ. ಅದಕ್ಕೂ ಮೊದಲು ಒಂದು ನಿಮಿಷ ನಲವತ್ತು ಸೆಕೆಂಡು ಕೂತಿದ್ದೆ. ಅದು ತಪ್ಪು." ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದೆ.

"ಇದನ್ನು ಯಾರೂ ಕೇಳಿಲ್ಲವಲ್ಲಮ್ಮ" ಎಂದರು ಮೇಡಂ.

"ಯಾರೂ ಕೇಳೂದಿಲ್ಲಂತನ ಬರದೇನ್ರಿ."

ಸರ್ ಆ ಹಾಳೆಯನ್ನು ಎರಡು ಸಲ ಓದಿ, ಇದೇ ಸಾಕು ಎಂದು ಕಡತದೊಳಗೆ ಇಟ್ಟರು. ಮರುಪರೀಕ್ಷೆಗೆ ಕಾಲೇಜಿನ ಲ್ಯಾಬಿಗೆ ಬಂದುಬಿಡು, ಅಲ್ಲಿ ಶಾಂತವಾಗಿರುತ್ತದೆ ಎಂದರು. ಸುಲಭವಿತ್ತು. ನಾನು ಒಲ್ಲೆ ಎಂದೆ. ಉಳಿದವರೆಲ್ಲ ಅವರವರ ಮನೆಯಿಂದ ಬರೆದಿದ್ದರೆ ನಾನೂ ನನ್ನ ಮನೆಯಿಂದಲೇ ಬರೆಯುತ್ತೇನೆ. ಕಿಟಕಿ ತೆರೆದಿರುತ್ತದೆ, ಹೊರಗೆ ಹೆಂಗಸರು ಕೆಲಸ ಮಾಡುತ್ತಿರುತ್ತಾರೆ, ಮಾತಾಡುತ್ತಾರೆ, ಕೆಮ್ಮುತ್ತಾರೆ. ಗುರುತು ಬಿದ್ದ ತುಣುಕು ನೋಡಿ ತೀರ್ಪು ಹೇಳುವಂತಿಲ್ಲ, ಇಡೀ ರೆಕಾರ್ಡ್ ನೋಡಬೇಕು. ಇದನ್ನೆಲ್ಲ ಅರ್ಜಿಯಲ್ಲಿ ಬರೆದು ಕೊಟ್ಟೆ. ಹದಿನೈದು ದಿನ ಉತ್ತರವಿಲ್ಲ. ಹದಿನಾರನೆಯ ದಿನ "ಅನುಮತಿಸಲಾಗಿದೆ" ಎಂದು ಒಂದೇ ಶಬ್ದದ ಉತ್ತರ ಬಂತು.

ಮರುಪರೀಕ್ಷೆಯೂ ಬುಧವಾರವೇ ಬಿತ್ತು. ಸುಗ್ಗಿಯ ಕೊನೆ, ಬಿಸಿಲು ಕಾಯುತ್ತಿತ್ತು. ಅಮ್ಮಿ ಕೌದಿಯನ್ನು ಅಟ್ಟಕ್ಕೆ ಹಾಕಿದ್ದಳು. ಎಲ್ಲರೂ ಅಂಗಳದಲ್ಲಿ, ನನ್ನ ಕಿಟಕಿಯಿಂದ ಮೂರು ಹೆಜ್ಜೆ ದೂರದಲ್ಲಿ, ತಗಡಿನ ಕೆಳಗೆ ಕೂತರು. ಮೊದಲ ಅರ್ಧ ತಾಸು ಯಾರ ಬಾಯಿಂದಲೂ ಮಾತು ಹೊರಡಲಿಲ್ಲ, ಹೋದ ಸಲದ ಹೆದರಿಕೆ ಉಳಿದಿತ್ತು.

"ಮಾತಾಡ್ರೆ, ಅರ್ಜಿ ಪಾಸ್ ಆಗೇತಿ!" ಎಂದಳು ಶಾಂತವ್ವ ಕೊನೆಗೆ. ಆಮೇಲೆ ಯಾರ ಸೊಸೆ ಯಾವ ಸೀರೆ ಉಟ್ಟಿದ್ದಳು ಎನ್ನುವುದರಿಂದ ಹಿಡಿದು ಎಲ್ಲವೂ ನನ್ನ ಕಿಟಕಿಯೊಳಗೆ ಹರಿದು ಬಂತು. ನಾನು ಎಂಟೂ ಪ್ರಶ್ನೆಗಳಿಗೆ ಉತ್ತರ ಬರೆದೆ.

ಆ ದಿನ ಬಿದ್ದ ಕೆಂಪು ಗುರುತು ಹದಿನಾಲ್ಕು ಎಂದು ಆಮೇಲೆ ತಿಳಿಯಿತು. ಕಾಲೇಜಿನವರು ಪ್ರತಿಯೊಂದಕ್ಕೂ ಕಾರಣ ಬರೆದುಕೊಡಲು ಹೇಳಿದರು. ಹದಿನಾಲ್ಕು ಸಾಲಿನಲ್ಲೂ ನಾನು ಒಂದೇ ವಾಕ್ಯ ಬರೆದೆ. ಹೊರಗೆ ಶಾಂತವ್ವ ಕೆಮ್ಮಿದಳು, ತಿರುಗಿ ನೋಡಿದೆ.